ಪರದೆಗೆ ಹೊದಿಸಿದ ಸೆರಗು

ಇಚಲಕರಂಜಿಯ ಸೀರೆ ವ್ಯಾಪಾರಿ ತವನಪ್ಪನವರಿಗೆ ಹೊಸ ಕಾರಿಗಿಂತ ಅದರೊಳಗಿನ ದೊಡ್ಡ ಡಿಜಿಟಲ್ ಪರದೆಯ ಮೇಲೇ ಹೆಚ್ಚು ಪ್ರೀತಿ. ಗಾಜಿನ ಮೇಲೆ ಮಳೆ ಸುರಿಯುತ್ತಿದ್ದರೂ, ಮಳೆ ಇದೆಯೇ ಎಂದು ಪರದೆಯನ್ನೇ ನೋಡುತ್ತಾರೆ. ಮುಂದೆ ಕಬ್ಬಿನ ಟ್ರ್ಯಾಕ್ಟರ್ ಹೊರಟಿದ್ದರೆ ಅದು ಅವರಿಗೆ ಕಾಣುವುದು, ಪಕ್ಕದಲ್ಲಿ ಕುಳಿತ ಹೆಂಡತಿ ರತ್ನಮಾಲಾಬಾಯಿ "ಬ್ರೇಕ್ ಹಾಕ್ರಿ" ಅಂದ ಮೇಲೆಯೇ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಜೈನರ ಮನೆ ಅವರದು. ಹಾಗಾಗಿ ಜಯಸಿಂಗಪುರದಿಂದ ಮರಳುವ ಸಂಜೆಗಳಲ್ಲಂತೂ ಅವರ ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ. "ಸೂರ್ಯ ಮುಳಗೂದ್ರಾಗ ಮನಿ ಮುಟ್ಟತೇವಿ ಅಂತ ತೋರಸಾಕತ್ತೈತಿ ನೋಡು" ಎನ್ನುತ್ತಾರೆ. "ಸೂರ್ಯ ಎದುರಿಗೇ ಗ್ಲಾಸಿನ್ಯಾಗ ಕಾಣಾಕತ್ಯಾನಲ್ರಿ, ಅದರಾಗೇನ ಹುಡಕತೀರಿ" ಎಂದು ಆಕೆ ಸೆರಗು ಹರಡಿ ಪರದೆಯನ್ನು ಮುಚ್ಚಿಬಿಡುತ್ತಾರೆ. "ಇಷ್ಟ ಭಾರೀ ಗಾಡಿ ತಗೊಂಡು ಅದರ ಮಾರಿಗೆ ಮುಸುಕು ಹಾಕಿದಂಗಾತು" ಎಂದು ತವನಪ್ಪನವರು ಊರು ಮುಟ್ಟುವವರೆಗೂ ಗೊಣಗುತ್ತಾರೆ. ಆದರೆ ರಸ್ತೆ ನೋಡುತ್ತಲೇ ಗೊಣಗುತ್ತಾರೆ. ಆಕೆ ಅಕಿವಾಟದ ತವರಿಗೆ ಹೋದಾಗ ಮಾತ್ರ ಅವರು ಒಬ್ಬರೇ ಕಾರು ಹತ್ತುತ್ತಾರೆ. ಆ ದಿನ ತಡೆಯುವವರಿಲ್ಲ, ಪರದೆ ಪೂರ್ತಿ ಅವರದೇ. ಆಗ ಹೆಗಲ ಮೇಲಿನ ಟವೆಲ್ ತೆಗೆದು ತಾವೇ ಅದಕ್ಕೆ ಹೊದಿಸಿ, ಅಂಚು ಸರಿಮಾಡಿ, ಪಕ್ಕದ ಖಾಲಿ ಸೀಟಿನ ಕಡೆ ತಿರುಗಿ ಹೇಳುತ್ತಾರೆ: "ಮುಚ್ಚೇನಿ ನೋಡು, ಇನ್ನ ಬೈಬ್ಯಾಡ."