ಹೊರಡುವಾಗಿನ ನಡುಕ

ನನ್ನ ಸ್ಕೂಟರಿನ ಎಡಗನ್ನಡಿಯಲ್ಲಿ ಚಿಕ್ಕಮ್ಮನಿಗೆ ಮೂರು ಮೂಗುತಿಗಳಿರುತ್ತಿದ್ದವು. ಗೇಟಿನಿಂದ ಹೊರಟು ಬೀದಿಯ ತಿರುವಿನ ಬಾದಾಮಿ ಮರವನ್ನು ತಲುಪುವವರೆಗೆ ಮೂರೂ ಒಟ್ಟಿಗೆ ಮಿನುಗುತ್ತಿದ್ದವು. ಮರ ದಾಟಿ ಗಾಡಿಗೆ ಒಂದಿಷ್ಟು ವೇಗ ಬಂದೊಡನೆ ಒಂದರೊಳಗೊಂದು ಸರಿದುಕೊಂಡು, ಅವರ ತಾಯಿಯಿಂದ ಬಂದ ಆ ಒಂಟಿ ಬಿಳಿಹರಳು ಮಾತ್ರ ಉಳಿಯುತ್ತಿತ್ತು. ಮುಂದಿನ ಸಿಗ್ನಲ್ಲಿನಲ್ಲಿ ನಿಂತು ಹೊರಟರೆ ಮತ್ತೆ ಮೂರು. ಓದುಗರು ನನ್ನ ಕಣ್ಣನ್ನು ಸಂಶಯಿಸಬಾರದು. ಕಣ್ಣಿನ ವೈದ್ಯರಲ್ಲಿಗೆ ಹೋಗಿ ಬಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ದೋಷವಿದ್ದದ್ದು ಗಾಡಿಯಲ್ಲಿ. ಓಡುವಾಗ ಅದಕ್ಕೆ ಯಾವ ತಕರಾರೂ ಇರಲಿಲ್ಲ, ಹೊರಡುವುದೇ ಕಷ್ಟವಾಗಿತ್ತು. ನಿಂತಲ್ಲಿಂದ ಕದಲುವ ಗಳಿಗೆಯಲ್ಲಿ ಮೈಯೆಲ್ಲ ನಡುಗಿ, ಕನ್ನಡಿಯನ್ನೂ ಕನ್ನಡಿಯೊಳಗಿನವರನ್ನೂ ನಡುಗಿಸಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಬಹಳ ಸಭ್ಯವಾಗಿ ಓಡುತ್ತಿತ್ತು.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಅಡ್ಯಾರಿನ ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ. ಪ್ರತಿ ಭಾನುವಾರ ಅವರು ಪುರಸೈವಾಕ್ಕಂನಲ್ಲಿ, ಬಟ್ಟೆಯಂಗಡಿಗಳ ಹಿಂದಿನ ಬೀದಿಯ ಒಂದು ರೈಲ್ವೆ ಕುಟುಂಬದ ಮನೆಯ ಮಹಡಿಯಲ್ಲಿ, ಈ ತಮಿಳು ಊರಿನ ಕನ್ನಡ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ವಾರದ ಉಳಿದ ದಿನಗಳಲ್ಲಿ ಅವರು ಹಾಲು, ಔಷಧಿ, ಟಿ.ವಿ. ಎಂದು ಮೆಲ್ಲಗೆ ಬದುಕುವ ನಿವೃತ್ತ ಮಹಿಳೆ. ಭಾನುವಾರ ಮಾತ್ರ ಗಂಜಿ ಹಾಕಿದ ಸೀರೆಯುಟ್ಟು, ಅಧಿಕಾರಿಯ ಗತ್ತಿನಲ್ಲಿ ಮೆಟ್ಟಿಲಿಳಿಯುತ್ತಾರೆ. ಬಸ್ಸಿನ ಮೆಟ್ಟಿಲಿಗೂ ಅವರ ಮಂಡಿಗೂ ಹೊಂದಿಕೆಯಿಲ್ಲ. ಆಟೋದವರೊಡನೆ ವಾದಿಸಿದರೆ ಪಾಠಕ್ಕೆ ಗಂಟಲು ಉಳಿಯುವುದಿಲ್ಲವೆಂದು ಆಟೋವನ್ನೂ ಬಿಟ್ಟಿದ್ದಾರೆ. ಹಾಗಾಗಿ ಆ ಪಾಠಶಾಲೆಯ ಭವಿಷ್ಯ ನನ್ನ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಕುಳಿತಿತ್ತು.

ಒಂದು ಭಾನುವಾರ ಸೇತುವೆಯ ಏರಿನಲ್ಲಿ, ವಾಹನಗಳ ಸಾಲು ಆಮೆಯಂತೆ ಸರಿಯುತ್ತಿದ್ದಾಗ, ಗಾಡಿ ಎಷ್ಟು ನಡುಗಿತೆಂದರೆ ಚಿಕ್ಕಮ್ಮನ ಪುಸ್ತಕದ ಚೀಲ ಜಾರಿ ರಸ್ತೆಗೆ ಬಿತ್ತು. ಅವರ ಕೈ ನನ್ನ ಭುಜವನ್ನು ಹಿಡಿದ ಬಿಗಿ ಎರಡು ದಿನ ಉಳಿದಿತ್ತು.

“ಇದೇನೇ ಇದು, ಗಾಡೀನಾ ಗಿರಣೀನಾ? ಹೊಟ್ಟೇಲಿರೋ ಇಡ್ಲಿ ಮತ್ತೆ ಹಿಟ್ಟಾಗತ್ತೆ!” ಎಂದು ಅಲ್ಲಿ ನಗಿಸಿದವರು ಮನೆಗೆ ಬಂದ ಮೇಲೆ ನಗಲಿಲ್ಲ. “ಇನ್ನೊಂದು ವಾರ ನೋಡ್ತೀನಿ ಕಣೇ. ಸರಿಹೋಗ್ಲಿಲ್ವಾ, ಮಕ್ಕಳ ಅಮ್ಮಂದಿರಿಗೆ ಫೋನ್ ಮಾಡಿ, ಕ್ಲಾಸ್ ಇಲ್ಲ ಅಂತ ಸೊಲ್ಲಿಬಿಡ್ತೀನಿ.” ಚಿಕ್ಕಮ್ಮನ ಕನ್ನಡದೊಳಗೆ ತಮಿಳು ನುಗ್ಗುವುದು ಅವರು ನಿಜವಾಗಿ ಕಳವಳಗೊಂಡಾಗ ಮಾತ್ರ. ಆ ‘ಸೊಲ್ಲಿ’ ಕೇಳಿ ನನಗೆ ವಿಷಯದ ಗಾಂಭೀರ್ಯ ಅರ್ಥವಾಯಿತು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳದೆ ವಿಧಿಯಿಲ್ಲ. ನಾನು ಯಂತ್ರಗಳ ದುರಸ್ತಿ ಕೈಪಿಡಿಗಳನ್ನು ಬರೆಯುವವಳು. ಆ ತಿಂಗಳು ನನ್ನ ಮೇಜಿನ ಮೇಲಿದ್ದದ್ದು ಸ್ನೋಮೊಬೈಲ್ ಎಂಬ ವಾಹನ. ಮುಂದೆ ಎರಡು ಜಾರುಹಲಗೆ, ಹಿಂದೆ ಸುತ್ತುವ ರಬ್ಬರಿನ ಅಗಲ ಪಟ್ಟಿ. ಹಿಮದ ಮೇಲೆ ಓಡುತ್ತದಂತೆ. ‘ಅಂತೆ’ ಎಂದೇ ಹೇಳಬೇಕು. ಹಿಮವೆಂದರೆ ನಾನು ಬಲ್ಲದ್ದು ಫ್ರಿಜ್ಜಿನ ಗೋಡೆಗೆ ಕಟ್ಟಿಕೊಳ್ಳುವ ಬಿಳಿ ಹೊಟ್ಟನ್ನು, ಮತ್ತು ಒಮ್ಮೆ ಎಣ್ಣೂರಿನ ಕಡೆ ಹೋದಾಗ ಮೀನಿನ ಪೆಟ್ಟಿಗೆಗಳ ಮೇಲೆ ಸಲಿಕೆಯಿಂದ ಸುರಿಯುತ್ತಿದ್ದ ಪುಡಿ ಮಂಜುಗಡ್ಡೆಯನ್ನು. ಇಷ್ಟೇ ಅನುಭವದ ಬಂಡವಾಳದ ಮೇಲೆ, ಬೆವರೊರೆಸಿಕೊಳ್ಳುತ್ತ, ಹೆಪ್ಪುಗಟ್ಟಿದ ಸರೋವರವನ್ನು ದಾಟಬೇಕಾದವರಿಗೆ ನಾನು ಉಪದೇಶ ಬರೆಯುತ್ತಿದ್ದೆ. ಅಧ್ಯಾಯದ ವಿಷಯ: ನಿಧಾನ ವೇಗದಲ್ಲಿ ಕ್ಲಚ್ಚಿನ ತೊಂದರೆಗಳು.

ಆ ಹಿಮದ ಬಂಡಿಯೂ ನನ್ನ ಸ್ಕೂಟರೂ ದಾಯಾದಿಗಳು ಎಂಬುದು ನಕ್ಷೆಯನ್ನು ನೋಡುತ್ತ ನೋಡುತ್ತ ಹೊಳೆಯಿತು. ಎರಡಕ್ಕೂ ಗೇರಿಲ್ಲ. ಎರಡು ರಾಟೆಗಳ ನಡುವೆ ಒಂದು ಬೆಲ್ಟು. ಎಂಜಿನ್ನು ಜೋರಾಗಿ ತಿರುಗಿದಾಗ ತಾನಾಗಿಯೇ ಹಿಡಿತಕ್ಕೆ ಬರುವ, ಮಂದವಾದಾಗ ತಾನಾಗಿಯೇ ಕೈಬಿಡುವ ಕ್ಲಚ್ಚು. ಒಳಗಿನ ರಚನೆಯಲ್ಲಿ ವ್ಯತ್ಯಾಸಗಳಿವೆ, ಸ್ವಭಾವ ಮಾತ್ರ ಒಂದೇ. ವೇಗದಲ್ಲಿ ಇಬ್ಬರೂ ಸಾಧುಗಳು, ನಿಜಗುಣ ಬಯಲಾಗುವುದು ಹೊರಡುವಾಗ.

ನಮ್ಮ ಬೀದಿಯ ಮೆಕ್ಯಾನಿಕ್ ಸೆಲ್ವಂ ಅದಾಗಲೇ ಬೆಲ್ಟನ್ನು ಬದಲಾಯಿಸಿಕೊಟ್ಟಿದ್ದ. ನಡುಕ ಹೋಗಿರಲಿಲ್ಲ. “ಪುದುಸು ವಾಂಗಿಡುಂಗ ಮೇಡಂ,” ಹೊಸದನ್ನೇ ಕೊಂಡುಬಿಡಿ, ಎಂಬುದು ಅವನ ಕೊನೆಯ ಸಲಹೆ. ಯಾರೊಡನೆಯೂ ವಾದಿಸಲಾರದ ನಾನು ತಲೆಯಾಡಿಸಿ ಬಂದಿದ್ದೆ. ಆದರೆ ಚಿಕ್ಕಮ್ಮನ ಮಾತು ಕೇಳಿದ ಸಂಜೆ ನನ್ನಲ್ಲಿ ಒಂದು ಹಟ ಹುಟ್ಟಿತು. ಕಾಣದ ಹಿಮದಲ್ಲಿ ಕಾಣದ ಗಾಡಿಯನ್ನು ರಿಪೇರಿ ಮಾಡಿಸಬಲ್ಲೆನೆಂದು ಸಂಬಳ ಪಡೆಯುವವಳು ಮನೆಯ ಗೇಟಿನೊಳಗಿನ ಗಾಡಿಯ ಮುಂದೆ ಕೈಚೆಲ್ಲಿದರೆ ಆ ಅಧ್ಯಾಯಕ್ಕೆ ಏನು ಬೆಲೆ? ನಾನೇ ಬರೆದದ್ದನ್ನು ನಾನೇ ಮೊದಲ ಸಾಲಿನಿಂದ ಪಾಲಿಸುವುದೆಂದು ನಿರ್ಧರಿಸಿದೆ.

ಮೊದಲ ಸಾಲಿನಲ್ಲಿ ಸ್ಪ್ಯಾನರಿನ ಮಾತೇ ಇರಲಿಲ್ಲ. ‘ತೊಂದರೆ ಯಾವಾಗ ಕಾಣಿಸಿಕೊಳ್ಳುತ್ತದೆಂದು ಸವಾರರನ್ನು ಕೇಳಿ’ ಎಂದಿತ್ತು. ಸವಾರಳು ನಾನೇ, ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೆ, ತೃಪ್ತಿಕರವಾದ ಉತ್ತರವನ್ನೇನೂ ಪಡೆದಿರಲಿಲ್ಲ. ಹಿಂದೆ ಕುಳಿತವರನ್ನು ಕೇಳಬಹುದೆಂದು ತೋಚಿರಲೇ ಇಲ್ಲ.

“ಯಾವಾಗ ಅಂದ್ರೆ?” ಹುರುಳಿಕಾಯಿ ಮುರಿಯುತ್ತಿದ್ದ ಚಿಕ್ಕಮ್ಮ ತಲೆಯೆತ್ತದೆ ಹೇಳಿದರು. “ನೀನು ಹೋಗ್ಲೋ ಬೇಡ್ವೋ ಅಂತ ಯೋಚನೆ ಮಾಡ್ತೀಯಲ್ಲ, ಆವಾಗ. ಮೇಲ್ಮನೆ ಸುಧಾ ಜೊತೆ ಇದೇ ಗಾಡೀಲಿ ದೇವಸ್ಥಾನಕ್ಕೆ ಹೋದ್ನಲ್ಲ, ಒಂದು ಸಲ ಗುಡ್ ಅಂತ ಕುಲುಕ್ತು, ಅಷ್ಟೇ. ಅವಳು ಹೊರಟ್ಳು ಅಂದ್ರೆ ಹೊರಟ್ಳು. ನೀನು ಎದುರಿಗೆ ನಾಯಿ ಬಂದ್ರೂ ‘ತಾವು ಮೊದ್ಲು ದಯಮಾಡ್ಸಿ’ ಅನ್ನೋಳು!”

ಅವಮಾನವನ್ನು ಆಮೇಲೆ ಅನುಭವಿಸೋಣವೆಂದು ಪಕ್ಕಕ್ಕಿಟ್ಟು, ಗೇಟಿನ ಮುಂದಿನ ಬೀದಿಯಲ್ಲಿ ಪರೀಕ್ಷೆ ನಡೆಸಿದೆ. ಮೆಲ್ಲಗೆ, ಬಹಳ ಮೆಲ್ಲಗೆ ಆಕ್ಸಿಲರೇಟರ್ ತಿರುಗಿಸಿದೆ. ಗಡಗಡ ನಡುಕ, ಬಾದಾಮಿ ಮರದವರೆಗೂ. ವಾಪಸು ಬಂದು ಈ ಬಾರಿ ಒಂದೇ ನಿರ್ಧಾರದಲ್ಲಿ ತಿರುಗಿಸಿದೆ. ಗುಡ್ ಎಂದು ಒಮ್ಮೆ ಕುಲುಕಿ ಹೊರಟೇಬಿಟ್ಟಿತು. ಚಿಕ್ಕಮ್ಮನ ವರದಿ ಅಕ್ಷರಶಃ ಸರಿಯಾಗಿತ್ತು.

ಮೇಜಿಗೆ ಮರಳಿ ನನ್ನ ಅಧ್ಯಾಯವನ್ನು ಓದಿದರೆ, ಎಚ್ಚರಿಕೆಯ ಚೌಕಟ್ಟಿನೊಳಗೆ ನನ್ನದೇ ವಾಕ್ಯವಿತ್ತು: ಅರ್ಧ ಹಿಡಿತದಲ್ಲಿ ಹೆಚ್ಚು ಹೊತ್ತು ಓಡಿಸಬೇಡಿ. ಏರಿನಲ್ಲಿ ನಿಂತಾಗ ಗಾಡಿ ಹಿಂದಕ್ಕೆ ಜಾರದಿರಲೆಂದು ಬ್ರೇಕು ಹಿಡಿಯುವ ಬದಲು ಆಕ್ಸಿಲರೇಟರನ್ನು ಎಳೆಯಷ್ಟು ತಿರುಗಿಸಿ ನಿಲ್ಲಿಸಿಕೊಳ್ಳುವುದು ನನ್ನ ಅಭ್ಯಾಸ. ಸಿಗ್ನಲ್ ಬಿಟ್ಟ ಮೇಲೂ ಎಡದವರು ಹೋಗಲಿ, ಬಲದವರು ಹೋಗಲಿ ಎಂದು ಅದೇ ಎಳೆಯಲ್ಲಿ ತೇಲುತ್ತಿರುತ್ತೇನೆ. ಇದನ್ನು ನಾನು ಸೌಜನ್ಯವೆಂದು ತಿಳಿದಿದ್ದೆ. ಕ್ಲಚ್ಚಿನ ಅಭಿಪ್ರಾಯ ಬೇರೆ. ಒಳಗೆ ಅದರ ಶೂಗಳೆಂಬ ಹಿಡಿತದ ತುಂಡುಗಳು, ಸುತ್ತಲಿನ ಲೋಹದ ಬಟ್ಟಲನ್ನು ಹಿಡಿಯಲೂ ಆಗದೆ ಬಿಡಲೂ ಆಗದೆ ಉಜ್ಜುತ್ತಲೇ ಇರುತ್ತವೆ. ಉಜ್ಜಿ ಕಾಯುತ್ತವೆ, ಕಾದು ನಯವಾಗುತ್ತವೆ. ನಯವಾದದ್ದಕ್ಕೆ ಹಿಡಿತವಿಲ್ಲ. ಹಿಡಿಯುತ್ತದೆ, ಜಾರುತ್ತದೆ, ಹಿಡಿಯುತ್ತದೆ, ಜಾರುತ್ತದೆ. ಅದೇ ನಡುಕ, ಅದೇ ಮೂರು ಮೂಗುತಿ.

ಇಂಥ ನಿಧಾನ ವೇಗದ ರೋಗ ಯಂತ್ರಗಳಿಗಷ್ಟೇ ಮೀಸಲಲ್ಲ ಎಂದು ಆ ವಾರವೆಲ್ಲ ಕಾಣಿಸತೊಡಗಿತು. ನಮ್ಮವರ ಮನೆಗೆ ಬಂದ ಅತಿಥಿಗಳು ಹೊರಡುವುದನ್ನು ಗಮನಿಸಿ: ‘ಬರ್ತೀವಿ’ ಎಂದು ಸೋಫಾದಿಂದ ಎದ್ದವರು ಬಾಗಿಲಲ್ಲಿ ಒಂದು ಮಾತು, ಚಪ್ಪಲಿ ಹುಡುಕುತ್ತ ಒಂದು ಮಾತು, ಲಿಫ್ಟಿನ ಬಾಗಿಲನ್ನು ಕಾಲಿನಿಂದ ತಡೆದು ಇಡೀ ಸಂಸಾರದ ಮಾತು. ಚಿಕ್ಕಮ್ಮನ ವಿದ್ಯಾರ್ಥಿಗಳದೂ ಇದೇ ಕಾಯಿಲೆ. ‘ನಿನ್ನೆ ಏನು ಮಾಡಿದೆ, ಹೇಳಮ್ಮ’ ಎಂದು ಕೇಳಿದರೆ ಮಗು “ನಾನು ನಿನ್ನೆ... ನಿನ್ನೆ ವಂದು... ಬೀಚ್‌ಕು ಪೋನೋಂ ಆಂಟಿ!” ಎಂದು ಬೀಚಿಗೆ ಹೋದ ಸುದ್ದಿ ಹೇಳುತ್ತದೆ. ಕನ್ನಡದಲ್ಲಿ ಎರಡು ಕುಲುಕು, ಆಮೇಲೆ ತಮಿಳಿನ ಹೆದ್ದಾರಿ. ಇನ್ನು ನಾನು ಫೋನಿನಲ್ಲಿ ‘ಹಲೋ’ ಆದ ಮೇಲೆ ಎರಡನೆಯ ಶಬ್ದಕ್ಕಾಗಿ ತಡಕಾಡುವುದನ್ನು ಬಲ್ಲವರು ಬಲ್ಲರು, ಇಲ್ಲಿ ವಿಸ್ತರಿಸುವುದಿಲ್ಲ.

ಶನಿವಾರ ಗಾಡಿಯನ್ನು ಸೆಲ್ವಂನ ಅಂಗಡಿಗೆ ಒಯ್ದು, ದಾರಿಯಲ್ಲೇ ಅಭ್ಯಾಸ ಮಾಡಿಕೊಂಡು ಬಂದ ವಾಕ್ಯವನ್ನು ತಡವರಿಸದೆ ಹೇಳಿದೆ: ಕ್ಲಚ್ಚಿನ ಮುಚ್ಚಳ ತೆಗೆಯಬೇಕು, ಬಟ್ಟಲಿನ ನಟ್ಟು ಬಿಚ್ಚಿಕೊಡಬೇಕು, ಉಳಿದದ್ದನ್ನು ನಾನು ಮಾಡುತ್ತೇನೆ. ಅವನು ನನ್ನನ್ನೂ ನನ್ನ ಇಸ್ತ್ರಿ ಮಾಡಿದ ಕುರ್ತಾವನ್ನೂ ನೋಡಿ, “ನೀಂಗಳಾ?” ಎಂದ. ನಾನೇ, ಎಂದೆ. ಬಟ್ಟಲು ಹೊರಬಂದಾಗ ಒಳಗಿನ ಶೂಗಳು ಕನ್ನಡಿಯಂತೆ ಥಳಥಳಿಸುತ್ತಿದ್ದವು. ನನ್ನ ಸೌಜನ್ಯವೆಲ್ಲ ಅಲ್ಲಿ ಮೆರುಗಾಗಿ ಕೂತಿತ್ತು. ದುಪಟ್ಟಾವನ್ನು ಮೂಗಿಗೆ ಬಿಗಿದು, ಒಂದೊಂದೇ ಶೂವನ್ನು ಸ್ಯಾಂಡ್‌ಪೇಪರಿನಿಂದ ಒರಟಾಗುವವರೆಗೆ ಉಜ್ಜಿದೆ, ಬಟ್ಟಲಿನ ಒಳಮೈಯನ್ನೂ ಉಜ್ಜಿ ಒರೆಸಿದೆ. ಸೆಲ್ವಂ ಎಲ್ಲವನ್ನೂ ಜೋಡಿಸಿ, ತಾನೇ ಒಂದು ಸುತ್ತು ಓಡಿಸಿ ಬಂದು, “ಸೂಪರ್ ಮೇಡಂ. ಪಕ್ಕತ್ತುಲ ಒರು ಕಡೈ ಪೋಡುಂಗ, ಆನಾ ಎನ್ ಕಸ್ಟಮರ ತೊಡಾದೀಂಗ!” ಎಂದು ನಕ್ಕ. ಪಕ್ಕದಲ್ಲೇ ಒಂದು ಅಂಗಡಿ ಹಾಕಿಕೊಳ್ಳಿ, ನನ್ನ ಗಿರಾಕಿಗಳನ್ನು ಮಾತ್ರ ಮುಟ್ಟಬೇಡಿ, ಎಂದು. ಕೈಪಿಡಿ ಬರೆದದ್ದಕ್ಕೆ ಇಷ್ಟು ಒಳ್ಳೆಯ ಪ್ರಶಸ್ತಿ ನನಗೆ ಈವರೆಗೆ ಸಿಕ್ಕಿರಲಿಲ್ಲ.

ಕಪ್ಪು ಕೈಗಳನ್ನು ತೊಳೆಯದೆಯೇ ಚಿಕ್ಕಮ್ಮನ ಮುಂದೆ ನಿಂತು ಸುದ್ದಿ ಹೇಳಿದೆ. ಅವರು ಸಂತೋಷಪಟ್ಟರು.

“ಗಾಡಿ ಸರಿಹೋಯ್ತು, ಸರಿ. ಆದ್ರೂ ಬೇಡ ಬಿಡೇ,” ಎಂದರು. “ನಾನು ಕನ್ನಡದಲ್ಲಿ ಕೇಳೋದು, ಅವು ತಮಿಳಲ್ಲಿ ಹೇಳೋದು. ಎಷ್ಟು ವರ್ಷ ಅಂತ? ನಾನು ಹೋಗ್ದಿದ್ರೆ ಯಾರಿಗೇನು ನಷ್ಟ?”

ನನ್ನ ಅಧ್ಯಾಯದ ಕೊನೆಯ ಸಾಲು ನೆನಪಾಯಿತು: ದುರಸ್ತಿಯ ನಂತರವೂ ನಡುಕವಿದ್ದರೆ, ಕಾರಣಗಳು ಎರಡಿವೆಯೆಂದು ತಿಳಿಯಿರಿ. ‘ನಿಮ್ಮಿಷ್ಟ ಚಿಕ್ಕಮ್ಮ’ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದು ನಾನು ಅತಿ ಹೆಚ್ಚು ಬಳಸುವ ಮಾತು. ಎದುರಿನವರ ಸ್ವಾತಂತ್ರ್ಯಕ್ಕೆ ಗೌರವ ತೋರಿಸುವಂತಿದ್ದು, ಅವರನ್ನು ಏರಿನ ನಡುವೆ ಹಿಡಿಯದೆ ಬಿಡದೆ ನಿಲ್ಲಿಸಿಬಿಡುವ ಮಾತು. ನುಂಗಿಕೊಂಡೆ. “ಆ ಮಗು ‘ನಾನು ನಿನ್ನೆ’ ಅಂತ ಶುರು ಮಾಡೋದು ನಿಮ್ಮ ಮುಂದೆ ಮಾತ್ರ ಚಿಕ್ಕಮ್ಮ,” ಎಂದಷ್ಟೇ ಹೇಳಿ ಕೈ ತೊಳೆಯಲು ಹೋದೆ. ಆ ರಾತ್ರಿ ಅವರು ಮಕ್ಕಳ ಅಮ್ಮಂದಿರಿಗೆ ಫೋನ್ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬೇಗ ಸ್ನಾನ ಮುಗಿಸಿ, ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ, ಎಡಗನ್ನಡಿಯನ್ನು ಒರೆಸಿದೆ. ಪುಸ್ತಕದ ಚೀಲವನ್ನು ಮುಂದಿನ ಕೊಕ್ಕೆಗೆ ತಗುಲಿಸಿದೆ. ಹೋಗೋಣವೇ ಎಂದು ಕೇಳಲಿಲ್ಲ. ಮೇಲೆ ಹೋಗಿ, ಕಾಫಿ ಲೋಟ ಹಿಡಿದು ಕುಳಿತಿದ್ದ ಚಿಕ್ಕಮ್ಮನ ಮುಂದೆ ಅವರ ಹೆಲ್ಮೆಟನ್ನು ಚಾಚಿ ನಿಂತೆ. ಅವರು ಹೆಲ್ಮೆಟನ್ನು ನೋಡಿದರು, ನನ್ನನ್ನು ನೋಡಿದರು, “ಸೀರೆ ಬದಲಾಯಿಸ್ಬೇಕಲ್ಲೇ, ಬ್ರಹ್ಮರಾಕ್ಷಸಿ,” ಎಂದು ಎದ್ದರು. ಕೆಳಗೆ ಬಂದು ಅವರು ಕುಳಿತ ಮೇಲೆ, ಒಂದೇ ನಿರ್ಧಾರದಲ್ಲಿ ಆಕ್ಸಿಲರೇಟರ್ ತಿರುಗಿಸಿದೆ. ಬಾದಾಮಿ ಮರ ಇನ್ನೂ ಮುಂದೆಯೇ ಇರುವಾಗ ಕನ್ನಡಿಯನ್ನು ನೋಡಿದೆ. ಮೂಗುತಿ ಒಂದೇ ಇತ್ತು. ಅದರ ಕೆಳಗೆ ತುಟಿಗಳು ಮಾತ್ರ ಅಲುಗುತ್ತಿದ್ದವು: ಚಿಕ್ಕಮ್ಮ ಅಂದಿನ ಪಾಠದ ಮೊದಲ ವಾಕ್ಯವನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.