ರಮ್ಯಾಳ ಹೆಸರಿನಲ್ಲಿದ್ದ ಬೇವಿನ ಮರ

ಬೆಂಗಳೂರಿನಲ್ಲಿ ಬೀದಿಯ ಮರಕ್ಕೂ ಓನರ್ ಇರುತ್ತಾರೆಂದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೊದಲ ವಾರದಲ್ಲೇ. ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯ ಮುಂದೆ ಒಂದು ಬೇವಿನ ಮರವಿದೆ. ಹಲ್ಲುಜ್ಜಲು ಒಂದು ಕಡ್ಡಿ ಮುರಿದೆ, ಅಷ್ಟೇ. ಕೆಳಗಿನ ಮನೆಯಿಂದ ಓನರ್ ಆಂಟಿ, "ಯಾರಮ್ಮಾ ಅದು, ನಮ್ ಮರಕ್ಕೆ ಕೈ ಹಾಕ್ತಿರೋದು?" ಎಂದು ಗೇಟಿಗೇ ಬಂದರು. ಮರ ಇರುವುದು ಕಾಂಪೌಂಡಿನ ಹೊರಗೆ, ರಸ್ತೆಯಲ್ಲಿ! ನಮ್ಮ ನರಗುಂದದ ಕಡೆ ಬೇವಿನ ಕಡ್ಡಿ ಮುರಿದವರನ್ನು ಯಾರಾದರೂ ತಿರುಗಿ ನೋಡುತ್ತಾರೆಯೇ? ಕಡ್ಡಿ ಬಾಯಲ್ಲಿಟ್ಟುಕೊಂಡೇ "ತಪ್ಪಾತ್ರೀ" ಎಂದೆ.

ಅಣ್ಣನಿಗೆ ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಕೆಲಸ, ನನಗೆ ವಿಜಯನಗರದ ಕಾಲೇಜಿನಲ್ಲಿ ಬಿಎಸ್ಸಿ. ಇಬ್ಬರಿಗೂ ಸೇರಿ ಟೆರೇಸಿನ ಮೇಲೆ ಒಂದು ಶೀಟಿನ ಕೋಣೆ. ಊರಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ನೆರೆಯವರಿಗೆ ಹಸಿವಾಗುತ್ತದೆ, ಇಲ್ಲಿ ಕೆಳಗಿನಿಂದ "ಏನಮ್ಮಾ ಮೇಲೆ ರಿಪೇರಿ?" ಎಂದು ಕೇಳುತ್ತಾರೆ. ನಾವು ಎಷ್ಟು ದೊಡ್ಡ ಮರವನ್ನೂ ಗಿಡ ಅನ್ನುತ್ತೇವಲ್ಲ, ನಾನು ಹಾಗಂದ ದಿನ ಕ್ಲಾಸಿಗೆ ಕ್ಲಾಸೇ ನಕ್ಕಿತು. ಆಮೇಲೆ ಬಹಳ ದಿನ ಅಳೆದೂ ತೂಗಿ ಮಾತಾಡುತ್ತಿದ್ದೆ. ಅಣ್ಣ ಬರುವ ತನಕ ಕೋಣೆಯಲ್ಲಿ ಒಬ್ಬಳೇ. ಕಿಟಕಿಗೆ ತಾಗುವ ಬೇವಿನ ಕೊಂಬೆ ಬಿಟ್ಟರೆ ನನ್ನ ಕಡೆ ಕೈ ಚಾಚಿದವರು ಯಾರೂ ಇರಲಿಲ್ಲ.

ಓನರ್ ಮಗಳು ರಮ್ಯಾ ನನ್ನದೇ ಕ್ಲಾಸು. ಅವಳಿಗೊಂದು ಕೋಣೆ, ಕೋಣೆಯಲ್ಲಿ ಕಂಪ್ಯೂಟರು, ಕಾಲೇಜಿಗೆ ಬಿಡಲು ಅಪ್ಪನ ಸ್ಕೂಟರು. ಅಜ್ಜನ ಕಾಲದ ಹೊಲ ಸೈಟುಗಳಾಗಿ, ಸೈಟು ಮನೆಗಳಾಗಿ, ಮನೆ ತುಂಬ ಬಾಡಿಗೆಯವರಾದ ಕುಟುಂಬ. ಹುಡುಗಿ ಒಳ್ಳೆಯವಳೇ. ಆದರೂ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ?

ಒಂದು ದಿನ ಬಾಟನಿ ಮೇಡಂ ಇಂಟರ್ನೆಟ್ಟಿನ ಮರ ನೋಡುವ ಯೋಜನೆಯೊಂದಕ್ಕೆ ನಮ್ಮನ್ನೆಲ್ಲ ಸೇರಿಸಿದರು. ಯಾರು ಬೇಕಾದರೂ ಒಂದು ಮರ ಆರಿಸಿಕೊಂಡು, ವಾರಕ್ಕೊಮ್ಮೆ ಚಿಗುರಿದೆಯೇ, ಮೊಗ್ಗಿದೆಯೇ, ಹೂವಿದೆಯೇ ಎಂದು ನೋಡಿ ವೆಬ್‌ಸೈಟಿನಲ್ಲಿ ಹಾಕಬೇಕು. ಎಲ್ಲ ಊರಿನದ್ದೂ ಕೂಡಿದರೆ ಋತುಗಳು ಹೇಗೆ ಬದಲಾಗುತ್ತಿವೆ ಎಂಬುದು ವಿಜ್ಞಾನಿಗಳಿಗೆ ತಿಳಿಯುತ್ತದಂತೆ. ಒಂದು ಮರಕ್ಕೆ ಒಬ್ಬರದೇ ಹೆಸರು. ಮರದ ಪಕ್ಕ ನಿಮ್ಮ ಹೆಸರು, ಹೆಸರಿನ ಪಕ್ಕ ಬಡಾವಣೆ. ಬಾಡಿಗೆ ಕರಾರಿನಲ್ಲಿ ಅಣ್ಣನ ಹೆಸರಿತ್ತು, ಗ್ಯಾಸು ಆಂಟಿಯ ಹೆಸರಿನಲ್ಲಿತ್ತು. ಈ ಊರಲ್ಲಿ ಒಂದಾದರೂ ನನ್ನ ಹೆಸರಿನಲ್ಲಿರಲಿ ಎಂದು ಆಸೆಯಾಯಿತು. ಭಾನುವಾರ ಸೈಬರ್ ಸೆಂಟರಿಗೆ ಹೋಗಿ ಕೂತರೆ, ನಮ್ಮ ಬೇವಿನ ಪಕ್ಕ ಆಗಲೇ ರಮ್ಯಾಳ ಹೆಸರು!

"ನಮ್ ಮರ ತಾನೇ, ಅವತ್ತೇ ಹಾಕ್ಬಿಟ್ಟೆ ಕಣೇ," ಎಂದಳು.

ನಾನು ಬಸ್ ಸ್ಟಾಪಿನ ಹೊಂಗೆಯನ್ನು ಹಿಡಿದೆ. ತಂತಿಗೆ ತಾಗುತ್ತದೆಂದು ಕರೆಂಟಿನವರು ಬಂದು ಅದರ ಕೊಂಬೆಗಳನ್ನೆಲ್ಲ ಸವರಿ ಹೋದರು. ಆ ಮೊಂಡು ಕಾಂಡದ ಪಕ್ಕ ನನ್ನ ಹೆಸರು ಉಳಿಯಿತು.

ಇತ್ತ ರಮ್ಯಾಳಿಗೆ ಕೆಳಗಿನಿಂದ ಕಾಣುವುದು ಕಾಂಡ, ನಾಲ್ಕು ಕೊಂಬೆ. ಮರದ ತಲೆ ಇರುವುದು ನನ್ನ ಕಿಟಕಿಯ ಎತ್ತರಕ್ಕೆ. ಪ್ರತಿ ವಾರ ಅಂಗಳದಿಂದ ಕೂಗುವಳು: "ನೀಲಾ, ಮೇಲ್ಗಡೆ ಚಿಗುರು ಬಂದಿದ್ಯಾ ನೋಡೇ!" ನಾನು ನೋಡಿ ಹೇಳುವುದು, ಅವಳು ಕಂಪ್ಯೂಟರಿನ ಮುಂದೆ ಕೂತು ಹಾಕುವುದು. ಮೇಡಂ ಕ್ಲಾಸಿನಲ್ಲಿ, "ರಮ್ಯಾ ಎಷ್ಟು ಚೆನ್ನಾಗಿ ಗಮನಿಸಿದಾಳೆ ನೋಡಿ," ಎಂದಾಗ ನನ್ನ ಮೈಯೆಲ್ಲ ಉರಿಯಿತು. ಕಣ್ಣು ಯಾರದು, ಹೆಸರು ಯಾರದು!

ಯುಗಾದಿ ಬಂತು. ಕಡ್ಡಿಗೆ ಜಗಳವಾಡಿದ ಅದೇ ಆಂಟಿ ಅವತ್ತು ಉದಾರಿ. "ಬನ್ನಿ, ಹಬ್ಬಕ್ಕೆ ಕಿತ್ಕೊಳ್ಳಿ," ಎಂದು ದೋಟಿಯನ್ನು ತಾವೇ ಕೈಗೆ ಕೊಟ್ಟರು. ಸುಂಕದಕಟ್ಟೆಯ ನೆಂಟರೂ ಚೀಲ ತಂದಿದ್ದರು. ರಮ್ಯಾ ಎದ್ದು ಬರುವಷ್ಟರಲ್ಲಿ ಕೈಗೆ, ದೋಟಿಗೆ ಸಿಕ್ಕುವ ಹೂವೆಲ್ಲ ಬೇವುಬೆಲ್ಲಕ್ಕೆ ಹೋಗಿತ್ತು.

"ಅಮ್ಮಾ! ಈ ವಾರ ನಾನೇನು ಬರೀಲಿ?" ಎಂದು ಅತ್ತೇ ಬಿಟ್ಟಳು.

"ಹಬ್ಬದ ದಿನ ಅಳ್ಬೇಡ್ವೇ. ಹೂವಿತ್ತು, ತಿಂದ್ವಿ ಅಂತ ಬರಿ," ಎಂದರು ಆಂಟಿ.

ನನಗೆ ಒಳಗೊಳಗೇ ಖುಷಿ. ಆದರೂ ಅವಳು ಅಳುವುದನ್ನು ನೋಡಲಾಗದೆ ಕೈ ಹಿಡಿದು ಮೇಲಕ್ಕೆ ಕರೆತಂದೆ. ಅವಳದೇ ಮನೆಯ ಟೆರೇಸು. ನಾವು ಬಂದ ಮೇಲೆ ಅವಳು ಒಮ್ಮೆಯೂ ಅಲ್ಲಿಗೆ ಹತ್ತಿ ಬಂದಿರಲಿಲ್ಲ. ನನ್ನ ಕಿಟಕಿ ತೆಗೆದೆ. ಮುಖಕ್ಕೆ ರಾಚುವಂತೆ ಹೂವು, ಜೇನುನೊಣ, ಕೋಣೆಯ ತುಂಬ ಬೇವಿನ ಘಮ.

"ಅಯ್ಯೋ, ದಿನಾ ಇದನ್ನ ನೋಡ್ತೀಯಾ ನೀನು? ನಂಗೆ ಹೊಟ್ಟೆ ಉರೀತಿದೆ ಕಣೇ!"

ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವವರೂ ಈ ಊರಲ್ಲಿದ್ದಾರೆ! ಆ ಮಾತು ಕೇಳಿ ನನಗೆ ಹೋಳಿಗೆ ತಿಂದಷ್ಟು ಸಂತೋಷವಾಯಿತು. ಹಬ್ಬ ಮುಗಿದ ಮೇಲೆ ಅವಳೇ ಮೇಡಂಗೆ ಹೇಳಿ ಮರವನ್ನು ನನ್ನ ಹೆಸರಿಗೆ ಮಾಡಿಸಿದಳು. "ತಗೋ, ನಿಂದೇ," ಎಂದಳು, ಪೆನ್ನು ಕೊಟ್ಟಷ್ಟು ಸಲೀಸಾಗಿ. ಇದ್ದವರಿಗೆ ಕೊಡುವುದು ಎಷ್ಟು ಸುಲಭ ಎಂದು ಅದಕ್ಕೂ ಸಂಕಟಪಟ್ಟೆ. ಆದರೆ ನೀಲವ್ವ, ಗೋವಿಂದರಾಜನಗರ ಎಂದು ಪರದೆಯ ಮೇಲೆ ಮೂಡಿದ್ದನ್ನು ಎಷ್ಟು ಹೊತ್ತು ನೋಡುತ್ತ ಕೂತೆನೆಂದರೆ ಸೈಬರ್ ಸೆಂಟರಿನವನು, "ಹ್ಯಾಂಗ್ ಆಯ್ತಾ ಮೇಡಂ?" ಎಂದು ಬಂದು ಕೇಳಿದ.

ಮರುವರ್ಷ ಯುಗಾದಿಗೆ ಮುಂಚೆಯೇ ಊರಿಗೆ ಹೋದೆ. ಹೊರಡುವಾಗ ಮರದಲ್ಲಿ ಇನ್ನೂ ಮೊಗ್ಗು. ಊರಲ್ಲಿ ನಮ್ಮ ಹಬ್ಬದ ಬೇವು ಗೊತ್ತಲ್ಲ, ಬೆಲ್ಲದ ನೀರಿಗೆ ಹುಣಸೆ, ಒಣದ್ರಾಕ್ಷಿ, ಉತ್ತತ್ತಿ ಹಾಕಿ ಲೋಟಗಟ್ಟಲೆ ಕುಡಿಯುವುದು. ಬೆಂಗಳೂರಿನಂತೆ ಚಿಟಿಕೆಯಷ್ಟು ಕೈಗಿಡುವುದಲ್ಲ. ಅವ್ವ ಅಂಗಳದಲ್ಲಿ ಕೂತು ಉತ್ತತ್ತಿ ಹೆಚ್ಚುತ್ತಿದ್ದಳು. ಅಷ್ಟರಲ್ಲಿ ರಮ್ಯಾಳ ಫೋನು.

"ನೀಲಾ, ಹೂ ಬಿಡ್ತು ಕಣೇ! ಟೆರೇಸ್ ಹತ್ತಿ ನಾನೇ ಫಸ್ಟ್ ನೋಡ್ದೆ!"

ನನ್ನ ಮರದ ಮೊದಲ ಹೂವು ಅವಳ ಕಣ್ಣಿಗೆ ಬಿದ್ದಿತ್ತು. "ಹೌದಾ, ಒಳ್ಳೇದಾಯ್ತು," ಎಂದು ಫೋನಿಟ್ಟೆ. ಹೊಟ್ಟೆಯೊಳಗೆ ಧಗಧಗ.

"ಯಾಕವಾ, ಮಾರಿ ಸಣ್ಣದ ಮಾಡೀದಿ?" ಎಂದಳು ಅವ್ವ.

"ನಮ್ಮ ಮರ ಹೂ ಬಿಟ್ಟಿತಂತ. ನಾನಿಲ್ಲದಾಗ."

ಅವ್ವ ಚಾಕು ನಿಲ್ಲಿಸಿ ನನ್ನನ್ನೇ ನೋಡಿದಳು. "ನಮ್ಮ ಗಿಡ ಇಲ್ಲೇ ಐತಲ್ಲವಾ. ನಿನ್ನ ತಲಿ ಮ್ಯಾಲ."

ಕತ್ತೆತ್ತಿದೆ. ಅಂಗಳದ ಬೇವಿನ ಗಿಡದ ತುಂಬ ಹೂವಿತ್ತು. ಊರಿಗೆ ಬಂದಾಗಿನಿಂದ ಅದರ ಕೆಳಗೇ ಓಡಾಡಿಕೊಂಡಿದ್ದೆ. ನೋಡಿರಲೇ ಇಲ್ಲ.