ಡಬ್ಬಿಯ ತಳದ ಎಂಟು ಸಿ.ಡಿ.

ನನ್ನ ತಮ್ಮ ಮನೆಯಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಚೀಲವನ್ನು ಮೂರು ಸಲ ಮುಟ್ಟಿ ನೋಡುತ್ತಾನೆ. ಹೊರಗಿನಿಂದ ಒಮ್ಮೆ, ಜಿಪ್ ತೆಗೆದು ಒಮ್ಮೆ, ಮುಚ್ಚಿ ಮತ್ತೊಮ್ಮೆ. ಹಾನಗಲ್ಲಿನ ಬಸ್ಸು ಬಂದು ನಿಂತಿದ್ದರೂ ಅಷ್ಟೇ. ನೋಡಿದವರು ನಗುತ್ತಾರೆ. ನಾನು ನಗುವುದಿಲ್ಲ. ಆ ಚಾಳಿ ಅವನಿಗೆ ಅಂಟಿದ್ದು ನನ್ನಿಂದ.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಗಂಡ ತೀರಿಕೊಂಡ ಮೇಲೆ ಆಡೂರಿನ ತವರಿಗೆ ಬಂದೆ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಮನೆಯಲ್ಲಿ ಅಪ್ಪ, ತಮ್ಮ, ನಾನು. ತಮ್ಮ ಆಗ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಅಂಗಡಿ ಇರಲಿಲ್ಲ, ಶಿಗ್ಗಾವಿಯವರು ಕರೆದರೆ ಶಿಗ್ಗಾವಿಗೆ, ಹಿರೇಕೆರೂರಿನವರು ಕರೆದರೆ ಅಲ್ಲಿಗೆ. ಕೆಟ್ಟ ಕಂಪ್ಯೂಟರಿನೊಳಗಿನದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದೇ ಹೆಚ್ಚಿನ ಕೆಲಸ. ಆದರೆ ಹೊಸದಾಗಿ ಹಾಕಿದರಷ್ಟೇ ಸಾಲದು. ಅದಕ್ಕೆ ಆಮೇಲೆ ಬಂದ ತಿದ್ದುಪಡಿಗಳನ್ನೆಲ್ಲ ಒಂದೊಂದಾಗಿ ಕೂಡ್ರಿಸಬೇಕು, ಇಲ್ಲದಿದ್ದರೆ ವೈರಸ್ ಹೊಕ್ಕು ಮತ್ತೆ ಕೆಡುತ್ತದೆ. ತಮ್ಮ ಅವನ್ನು ಅಪ್‌ಡೇಟ್ ಅನ್ನುತ್ತಿದ್ದ. ನೆಟ್ಟಿನಿಂದ ಇಳಿಸಿಕೊಳ್ಳಬೇಕಾದವು ಅವು, ಹಳ್ಳಿಗಳಲ್ಲಿ ನೆಟ್ಟೇ ಇರಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಸವಣೂರಿನ ಗೆಳೆಯನ ಮನೆಗೆ ಹೋಗಿ, ದಿನವಿಡೀ ಕೂತು, ಹೊಸದಾಗಿ ಬಂದವನ್ನೆಲ್ಲ ಇಳಿಸಿ ಸಿ.ಡಿ.ಗೆ ತುಂಬಿಸಿಕೊಂಡು ಬರುತ್ತಿದ್ದ. ಒಮ್ಮೆ ಇಳಿಸಿಟ್ಟರೆ ಎಷ್ಟು ಕಂಪ್ಯೂಟರಿಗಾದರೂ ಹಾಕಬಹುದಿತ್ತು.

“ನೀ ಬ್ಯಾಸಗ್ಯಾಗ ಸಂಡಗಿ ಒಣಗಿಸಿ ಡಬ್ಬಿ ತುಂಬತಿ, ನಾ ಸವಣೂರಾಗ ಸಿ.ಡಿ. ತುಂಬತೇನಿ. ಇಬ್ಬರದೂ ಒಂದ ಉದ್ಯೋಗ, ಯಕ್ಕಾ,” ಅನ್ನುತ್ತಿದ್ದ.

“ನನ್ನವು ಕರದರ ತಿನ್ನಾಕ ಬರ್ತಾವ. ನಿನ್ನವು?” ಅಂತ ನಾನು ಛೇಡಿಸುತ್ತಿದ್ದೆ.

ಕೊನೆಗೆ ಸಂಡಿಗೆಯ ತಗಡಿನ ಡಬ್ಬಿಯೊಂದನ್ನು ಸಿ.ಡಿ. ಇಡಲು ಅವನಿಗೇ ಕೊಟ್ಟೆ. ಸವಣೂರಿನಿಂದ ಬಂದ ಸಂಜೆ ಅವನು ಒಂದೊಂದರ ಮೇಲೂ ಕಪ್ಪು ಪೆನ್ನಿನಿಂದ ತಿಂಗಳ ಹೆಸರು ಬರೆಯುತ್ತಿದ್ದ. ನಾನು ಅದನ್ನು ಅಕ್ಷರ ಕೂಡಿಸಿ ಓದಿ ಸಾಲಾಗಿ ಜೋಡಿಸಬೇಕು. ಬಿಟ್ಟುಹೋದ ಓದು ನನಗೆ ಮರಳಿ ಬಂದದ್ದು ಹಾಗೆ. ಸಿ.ಡಿ. ಹೊರಳಿಸಿದಾಗ ಗೋಡೆಯ ಮೇಲೆ ಬಣ್ಣ ಓಡಾಡುತ್ತಿತ್ತು. ಅಪ್ಪ ಪ್ರತಿ ಸಲವೂ ಇವುಗಳಲ್ಲಿ ಭಜನೆ ಪದ ಇವೆಯೇ ಎಂದು ಕೇಳುವನು, ತಮ್ಮ ಪ್ರತಿ ಸಲವೂ ಇಲ್ಲವೆನ್ನುವನು. ಹಳೆಯವು ತಳಕ್ಕೆ, ಹೊಸವು ಮೇಲೆ. ಒಂದು ಮಾತು ಮಾತ್ರ ಅವನು ಒತ್ತಿ ಹೇಳಿದ್ದ: “ತಳದಾಗಿನವು ಮದಲ ಕುಂಡ್ರಬೇಕು. ಅವು ಇಲ್ಲಂದ್ರ ಮ್ಯಾಲಿನವು ಒಂದೂ ಕುಂಡ್ರೂದಿಲ್ಲ.”

ಆ ವರ್ಷ ಮಾಸೂರಿನ ಕಡೆಯ ಒಂದು ಶಾಲೆಯಿಂದ ಕರೆ ಬಂತು. ಹತ್ತು ಕಂಪ್ಯೂಟರುಗಳನ್ನು ಹೊಸದಾಗಿ ಮಾಡಿಕೊಡಬೇಕು. ಇದನ್ನು ಸರಿಯಾಗಿ ಮಾಡಿದರೆ ಆ ಭಾಗದ ನಾಲ್ಕಾರು ಶಾಲೆಗಳ ಕೆಲಸವೂ ಅವನಿಗೇ ಸಿಗುವುದಿತ್ತು. ಹಾಗಾದರೆ ಹಿರೇಕೆರೂರಿನಲ್ಲಿ ಖೋಲಿ ಹಿಡಿದು ಅಲ್ಲೇ ಇರುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದ. ಅಪ್ಪನಿಗೆ ಖುಷಿಯಾಯಿತು. ನಾನೂ ಚಲೋ ಆಯಿತು ಎಂದೆ. ಒಳಗೆ ಮಾತ್ರ, ಇನ್ನು ಸಂಜೆ ಈ ಮನೆಯಲ್ಲಿ ನನ್ನೊಂದಿಗೆ ಮಾತಾಡುವವರು ಯಾರು ಎಂಬುದೊಂದೇ ಇತ್ತು.

ಅದೇ ವಾರ ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿ ಹಕ್ಕಿಗಳ ಕಾಟ ಶುರುವಾಯಿತು. ಪಕ್ಕದ ಹೊಲದವರು ಹಳೆ ಸಿ.ಡಿ.ಗಳನ್ನು ದಾರದಲ್ಲಿ ತೂಗುಹಾಕಿದ್ದರು. ಬಿಸಿಲಿಗೆ ಅವು ಝಗ್ ಎಂದರೆ ಹಕ್ಕಿ ಹತ್ತಿರ ಬರುವುದಿಲ್ಲ. ತಮ್ಮನ ಹತ್ತಿರ ಕೆಲಸಕ್ಕೆ ಬಾರದವು ಇದ್ದರೆ ಇಸಿದುಕೊಡು ಎಂದ ಅಪ್ಪ. ತಮ್ಮ ಶಿಗ್ಗಾವಿಗೆ ಹೋಗಿದ್ದ. ನಾನು ಡಬ್ಬಿ ತೆಗೆದು ತಳದಿಂದ ಎಂಟು ಸಿ.ಡಿ. ಎಳೆದುಕೊಂಡೆ. ಹಳೆಯವಲ್ಲವೇ, ಕೆಲಸಕ್ಕೆ ಬಾರದವೇ ಇರಬೇಕು ಅಂದುಕೊಂಡೆ. ಎಷ್ಟೋ ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡಿದ್ದೇನೆ. ಆದರೆ ಎಳೆಯುವಾಗ ಒಂದೊಂದರ ಮೇಲಿನ ತಿಂಗಳನ್ನೂ ಓದಿದ್ದೆ. ತಳದವು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನನಗೆ ಗೊತ್ತಿತ್ತು.

ತಮ್ಮನೇ ಬೇಡವೆಂದು ಬಿಟ್ಟವು ಎಂದು ಅಪ್ಪನಿಗೆ ಹೇಳಿ ಅವನ್ನು ಹೊಲದಲ್ಲಿ ತೂಗುಹಾಕಿದೆ. ತಮ್ಮ ಹೊಲದ ಕಡೆ ಹೋಗುವವನಲ್ಲ. ಮೂರನೆಯ ದಿನ ಡಬ್ಬಿ ಹಿಡಿದು ಮಾಸೂರಿಗೆ ಹೋದ. ಮಧ್ಯಾಹ್ನ ಫೋನ್ ಬಂತು.

“ಯಕ್ಕಾ, ತಳದ ಸಿ.ಡಿ. ಇಲ್ಲ. ಮನ್ಯಾಗ ಎಲ್ಲೆರ ಬಿದ್ದಾವೇನ ನೋಡು.”

ಕೂತಲ್ಲಿಂದ ಏಳದೆ ಹೇಳಿದೆ: “ನೋಡಿದೆ. ಇಲ್ಲೋ ತಮ್ಮಾ.”

ಫೋನಿಟ್ಟು ಹೊಲಕ್ಕೆ ಹೋದೆ. ದಾರ ಹರಿದು ಎಂಟನ್ನೂ ಸೆರಗಿನಲ್ಲಿ ಕಟ್ಟಿಕೊಂಡೆ. ಹಕ್ಕಿಗಳು ಇವಕ್ಕೆ ಹೆದರುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. ಗಾಳಿಗೆ ದಂಟು ತಾಗಿ ಕೆಲವಕ್ಕೆ ಗೀರು ಬಿದ್ದಿತ್ತು, ಎಲ್ಲವಕ್ಕೂ ಅಲ್ಲ. ಮರುದಿನ ಮುಂಜಾನೆಯ ಬಸ್ಸಿಗೆ ನಾನೇ ಒಯ್ದು ಮುಟ್ಟಿಸಬಹುದಿತ್ತು. ಒಯ್ಯಲಿಲ್ಲ. ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಇಟ್ಟೆ.

ತಮ್ಮ ಎಲ್ಲೋ ಬಿಟ್ಟುಬಂದಿರಬೇಕೆಂದು ಶಿಗ್ಗಾವಿಗೆ ಹೋದ, ಅಲ್ಲಿಂದ ಸವಣೂರಿಗೆ. ಬಸ್ ನಿಲ್ದಾಣದಲ್ಲಿ ಕಂಡಕ್ಟರುಗಳನ್ನು ವಿಚಾರಿಸಿದ. ನೀನೇನಾದರೂ ತೆಗೆದುಕೊಂಡೆಯಾ ಎಂದು ಗೆಳೆಯನನ್ನೂ ಕೇಳಿದ. ಗೆಳೆಯ ನೊಂದುಕೊಂಡ, ಆಮೇಲೆ ಅವರ ನಡುವೆ ಹೋಗಿಬರುವುದು ನಿಂತಿತು. ಎಂಟು ತಿಂಗಳಿನವನ್ನು ಮತ್ತೆ ಇಳಿಸಲು ಎಂಟು ದಿನವಾದರೂ ಬೇಕಿತ್ತು, ಶಾಲೆಯವರು ನಾಲ್ಕು ದಿನ ಕಾದು ಬೇರೆಯವರನ್ನು ಕರೆಸಿದರು. ತಮ್ಮ ಮನೆಗೆ ಬಂದು, “ನನ್ನ ಕೈ ಮ್ಯಾಲ ನನಗ ನಂಬಿಗಿ ಇಲ್ಲದಂಗ ಆತು,” ಎಂದ. ಹಿರೇಕೆರೂರಿನ ಖೋಲಿಯ ಮಾತು ಮತ್ತೆ ಎತ್ತಲಿಲ್ಲ. ಆ ದಿನ ಅವನಿಗೆ ಇಷ್ಟವಾದ ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದೆ. ನಾನು ಬೇಡಿದ್ದೇ ನನಗೆ ಸಿಕ್ಕಿತ್ತು.

ಈಗ ಹಾನಗಲ್ಲಿನಲ್ಲಿ ಅವನದೊಂದು ಝೆರಾಕ್ಸ್ ಅಂಗಡಿ ಇದೆ. ಕಳೆದ ತಿಂಗಳು ಬುತ್ತಿ ಒಯ್ದಾಗ ಹೊಸ ಕಂಪ್ಯೂಟರು ತಾನೇ ಅಪ್‌ಡೇಟ್ ತರಿಸಿಕೊಳ್ಳುತ್ತಿತ್ತು. ತಮ್ಮ ಕೈಕಟ್ಟಿ ಕೂತಿದ್ದ.

“ಈಗ ಸಂಡಗಿ ಯಾರೂ ಒಣಗಸೂದಿಲ್ಲ ಯಕ್ಕಾ. ಬೇಕಂದಾಗ ಬಿಸಿಬಿಸಿ ಬರ್ತೈತಿ,” ಎಂದ. ಆಮೇಲೆ ನಗುತ್ತಲೇ, “ಈಗೂ ಸವಣೂರ ಬಸ್ ಹತ್ತಿದ್ರ ಸೀಟಿನ ಬುಡಕ ಬಗ್ಗಿ ನೋಡತೇನಿ,” ಎಂದ.

ಮರುದಿನ ಬುತ್ತಿಯ ಜೊತೆ ಎಂಟು ಸಿ.ಡಿ.ಗಳನ್ನೂ ಒಯ್ದೆ. ಅವನ ಮೇಜಿನ ಮೇಲಿಟ್ಟು, ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಹಿರೇಕೆರೂರಿಗೆ ನೀನು ಹೋಗುವುದು ನನಗೆ ಬೇಡವಾಗಿತ್ತು ಎಂಬುದನ್ನೂ ಹೇಳಿದೆ.

ಅವನು ಒಂದನ್ನು ಕೈಗೆತ್ತಿಕೊಂಡು ಕಂಪ್ಯೂಟರಿನ ಕಡೆ ತಿರುಗಿದ. ಅದಕ್ಕೆ ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ. ಮತ್ತೆ ಕೆಳಗಿಟ್ಟ. ಹಿಂದೆ ನಾನು ಓದುತ್ತಿದ್ದ ಹಾಗೆ ಒಂದೊಂದೇ ತಿಂಗಳ ಹೆಸರು ಓದಿದ. ತೂತಿನಲ್ಲಿ ಉಳಿದಿದ್ದ ದಾರದ ತುಂಡನ್ನು ಉಗುರಿನಿಂದ ಬಿಡಿಸಿದ.

“ಹಕ್ಕಿ ಹೆದರಿದ್ವೇನು?”

“ಒಂದ ದಿನ. ಮರುದಿನ ಅವುಗಳ ಬಾಜೂಕ ಕುಂತು ತಿಂದ್ವು.”

ಅವನು ನಗಲಿಲ್ಲ. ಗಿರಾಕಿಯೊಬ್ಬರು ಬಂದರು, ಆಧಾರ್ ಕಾರ್ಡಿನ ಝೆರಾಕ್ಸ್ ಮಾಡಿಸಿಕೊಂಡು ಹೋದರು. ಆಮೇಲೆ ಕೇಳಿದ, “ಸವಣೂರಿನವಂಗ ಏನಂತ ಹೇಳ್ಲಿ?”

“ನೀ ಹೇಳಬ್ಯಾಡ. ನಾ ಬಂದು ಹೇಳತೇನಿ.”

ಬುತ್ತಿ ಬಿಚ್ಚಿ ಅರ್ಧ ಉಂಡ. ಸಂಜೆ ಅಂಗಡಿಯ ಬಾಗಿಲು ಎಳೆಯುವಾಗ ಎಂಟನ್ನೂ ಚೀಲಕ್ಕೆ ಹಾಕಿಕೊಂಡ. ಚೀಲವನ್ನು ಹೊರಗಿನಿಂದ ಮುಟ್ಟಿದ, ಜಿಪ್ ತೆಗೆದು ನೋಡಿದ, ಮುಚ್ಚಿ ಮತ್ತೊಮ್ಮೆ ಮುಟ್ಟಿದ. ನಾನು ಪಕ್ಕದಲ್ಲೇ ನಿಂತು ಎಣಿಸುತ್ತಿದ್ದೆ.

“ಐತವಾರ ಹೋಗೂಣ,” ಎಂದು ಬಸ್ ನಿಲ್ದಾಣದ ಕಡೆ ನಡೆದ.